ಸಣ್ಣ ಆಂಪ್ಲಿಫೈಯರ್ ಕೊಳ್ಳುವ ಮುನ್ನ

ಬೈಲಹೊಂಗಲ, ರಾಮದುರ್ಗದ ಕಡೆ ಜಾತ್ರೆಯ ರಸಮಂಜರಿಗಳಲ್ಲಿ ಗಿಟಾರ್ ನುಡಿಸಹೊರಟ ತರುಣರು ಆಂಪ್ಲಿಫೈಯರನ್ನು, ಅಂದರೆ ಗಿಟಾರಿನ ಕ್ಷೀಣ ವಿದ್ಯುತ್ ಸಂಕೇತವನ್ನು ಹಿಗ್ಗಿಸಿ ಸ್ಪೀಕರಿಗೆ ಕೊಡುವ ಉಪಕರಣವನ್ನು, ಕೇವಲ ವ್ಯಾಟ್ ಸಂಖ್ಯೆ ನೋಡಿ ಆರಿಸುವುದು ಸಾಮಾನ್ಯವಾದ ತಪ್ಪು. 10 ವ್ಯಾಟ್ 20 ಆದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಸದ್ದು ಇಮ್ಮಡಿಯೆನಿಸಲು ಸುಮಾರು ಹತ್ತುಪಟ್ಟು ಶಕ್ತಿ ಬೇಕಾಗುವುದರಿಂದ, ಆ ಅಂತರಕ್ಕಾಗಿ ಹೆಚ್ಚು ಹಣ ತೆರುವುದು ವ್ಯರ್ಥ. ಪೆಟ್ಟಿಗೆಯ ಮೇಲೆ ಪಿಎಂಪಿಒ ಎಂದು ಅಚ್ಚಾದ, ಕ್ಷಣಮಾತ್ರದ ಗರಿಷ್ಠ ಶಕ್ತಿಯ ಭಾರಿ ಅಂಕಿಯನ್ನು ನಂಬದೆ, ನಿರಂತರವಾಗಿ ದೊರೆಯುವ ಶಕ್ತಿಯನ್ನು ಸೂಚಿಸುವ ಆರ್‌ಎಂಎಸ್ ಅಂಕಿಯನ್ನೇ ಕೇಳಬೇಕು.

ಮನೆಯ ಅಭ್ಯಾಸಕ್ಕೆ 10ರಿಂದ 20 ವ್ಯಾಟ್ ಧಾರಾಳ. ಸ್ಪೀಕರ್ 8 ಇಂಚಿನದಾದರೆ ಮಂದ್ರ ಸ್ವರಗಳು ಇನ್ನಷ್ಟು ತುಂಬಿ ಬರುತ್ತವೆ. ಕಿತ್ತೂರು ಉತ್ಸವದಂಥ ಬಯಲು ವೇದಿಕೆಗೆ ದೊಡ್ಡದೇ ಬೇಕೆಂದು ಸಾಲ ಮಾಡುವ ಅಗತ್ಯವಿಲ್ಲ, ಏಕೆಂದರೆ ಅಲ್ಲಿ ಜನರಿಗೆ ಕೇಳಿಸುವುದು ಮೈಕ್‌ಸೆಟ್‌ನವರ ಸ್ಪೀಕರುಗಳಿಂದಲೇ. ಬೇಕಾದುದು ಸಂಕೇತವನ್ನು ಅವರ ಮಿಕ್ಸರಿಗೆ ದಾಟಿಸುವ ಲೈನ್-ಔಟ್ ಕಿಂಡಿ, ಅದಿಲ್ಲದಿದ್ದರೆ ಸ್ಪೀಕರಿನ ಮುಂದೊಂದು ಮೈಕ್. ಸವದತ್ತಿಯ ಗುಡ್ಡದಂಥ ಜಾತ್ರೆಗಳಲ್ಲಿ ತಾತ್ಕಾಲಿಕ ವಿದ್ಯುತ್ ಸಂಪರ್ಕವಿದ್ದಾಗ ಮೂರು ಪಿನ್ನಿನ ಪ್ಲಗ್ಗಿನಿಂದ ಅರ್ಥಿಂಗ್ ಪಿನ್ನನ್ನು ಎಂದಿಗೂ ಕೀಳಬಾರದು. ಗಿಟಾರಿನ ತಂತಿ ಹಿಡಿದ ಕೈಗೂ ಮೈಕಿಗೆ ತಾಗಿದ ತುಟಿಗೂ ನಡುವೆ ವಿದ್ಯುತ್ ಹರಿದರೆ ಪ್ರಾಣಕ್ಕೇ ಅಪಾಯ. ಕೊಳ್ಳುವವರು ತಮ್ಮದೇ ಗಿಟಾರನ್ನು ಅಂಗಡಿಗೆ ಒಯ್ದು, ನುಡಿಸಿ ಕೇಳಿದ ಮೇಲೆಯೇ ಹಣ ಕೊಡಬೇಕು.