ಬಿಸಿಲಿಗೆ ಬೆಲೆಯಿಲ್ಲ, ದೀಪಕ್ಕೆ ಬೆಲೆಯಿದೆ

ಬಿಸಿಲಿಗೆ ಯಾರಾದರೂ ಹಣ ಕೊಡುತ್ತಾರೆಯೇ? ಇಲ್ಲ. ಬಡವರ ಅಂಗಳಕ್ಕೂ ಸಿರಿವಂತರ ಅಂಗಳಕ್ಕೂ ಅದು ಸಮನಾಗಿ ಬೀಳುತ್ತದೆ. ಅದೇ ಬಿಸಿಲಿನಲ್ಲಿ ನಾವು ಅಡಿಕೆಯನ್ನೂ ಹಪ್ಪಳವನ್ನೂ ಒಣಗಿಸುತ್ತೇವೆ. ಆದರೆ ಹಗಲಿನ ಬಿಸಿಲು ರಾತ್ರಿ ದೀಪವಾಗಿ ಉರಿಯಬೇಕಾದರೆ ಸೌರಫಲಕ, ಬ್ಯಾಟರಿ, ತಂತಿ, ಬಲ್ಬು ಎಲ್ಲವೂ ಬೇಕು. ಸೌರಫಲಕವು ಬಿಸಿಲನ್ನು ವಿದ್ಯುತ್ತಾಗಿ ಬದಲಾಯಿಸುತ್ತದೆ. ಬ್ಯಾಟರಿಯು ಆ ವಿದ್ಯುತ್ತನ್ನು ರಾತ್ರಿಗಾಗಿ ಕೂಡಿಡುತ್ತದೆ. ಇವುಗಳನ್ನು ಕೊಳ್ಳಲು ಹಣ ಬೇಕು. ಅಷ್ಟು ಹಣವನ್ನು ಒಮ್ಮೆಲೇ ಕೊಡಲಾಗದವರು ಏನು ಮಾಡಬೇಕು?

2017 ಮೇ 29ರಂದು ಕೇರಳವನ್ನು ಸಂಪೂರ್ಣ ವಿದ್ಯುದೀಕರಣಗೊಂಡ ರಾಜ್ಯವೆಂದು ಘೋಷಿಸಲಾಯಿತು. ಆದುದರಿಂದ ಚಿಮಿಣಿ ದೀಪದ ಬೆಳಕಿನಲ್ಲಿ ಓದುವುದು ಎಂದರೇನೆಂದು ನಿಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿರಲಾರದು. ನಿಮ್ಮ ಅಜ್ಜಿಯನ್ನು ಕೇಳಿರಿ. ಹೊಗೆಯಿಂದ ಕಣ್ಣು ಉರಿಯುತ್ತಿತ್ತು. ಗಾಳಿ ಬೀಸಿದರೆ ದೀಪ ಆರುತ್ತಿತ್ತು. ಎಣ್ಣೆ ಮುಗಿದರೆ ಪುಸ್ತಕ ಮುಚ್ಚಬೇಕಾಗಿತ್ತು.

ಈಗ ಒಂದು ಲೆಕ್ಕ ಮಾಡೋಣ. ವಿದ್ಯುತ್ ಇಲ್ಲದ ಮನೆಯೊಂದರಲ್ಲಿ ಸೀಮೆಎಣ್ಣೆಗೂ ಮೇಣದಬತ್ತಿಗೂ ದಿನಕ್ಕೆ 10 ರೂಪಾಯಿ ಖರ್ಚಾಗುತ್ತದೆ ಎಂದಿಟ್ಟುಕೊಳ್ಳಿ. 30 ದಿನಗಳಿಗೆ 300 ರೂಪಾಯಿ. 36 ತಿಂಗಳಿಗೆ 10,800 ರೂಪಾಯಿ. ಆ ಮನೆಯವರು 9,000 ರೂಪಾಯಿ ಸಾಲ ಪಡೆದು ಸೌರದೀಪ ಹಾಕಿಸಿದರು ಎನ್ನೋಣ. ಬಡ್ಡಿ ಸೇರಿ ಮೂರು ವರ್ಷಗಳಲ್ಲಿ ಅವರು ಕಟ್ಟುವುದು 10,800 ರೂಪಾಯಿ. ಖರ್ಚು ಎರಡೂ ಕಡೆ ಒಂದೇ. ಆದರೆ ಸೀಮೆಎಣ್ಣೆಯ ಹಣ ಹೊಗೆಯಾಗಿ ಹೋಯಿತು. ಸೌರದೀಪವಾದರೋ ಮೂರು ವರ್ಷಗಳ ಬಳಿಕ ಮನೆಯವರದೇ ಆಯಿತು. ಮುಂದೆ ಬ್ಯಾಟರಿ ಹಳತಾದಾಗ ಬದಲಾಯಿಸಲು ಸ್ವಲ್ಪ ಸ್ವಲ್ಪ ಹಣ ಕೂಡಿಡಬೇಕು, ಅಷ್ಟೆ.

ಹೀಗೆ ಸಾಲ ಕೊಡುವವರು ಯಾರು? ಅದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗೋಣ.

ಕಾಸರಗೋಡು ಮತ್ತು ಉಡುಪಿ ಹಿಂದೆ ಒಂದೇ ಜಿಲ್ಲೆಯಲ್ಲಿದ್ದವು. ಅದು ದಕ್ಷಿಣ ಕನ್ನಡ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ಡಾ. ಟಿ. ಎಂ. ಎ. ಪೈ ಮತ್ತು ವಾಮನ ಶ್ರೀನಿವಾಸ ಕುಡ್ವ ಸೇರಿ ಒಂದು ಬ್ಯಾಂಕನ್ನು ಸ್ಥಾಪಿಸಿದರು. ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವುದು ಅವರ ಉದ್ದೇಶವಾಗಿತ್ತು. 1928ರಲ್ಲಿ ಆ ಬ್ಯಾಂಕು ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಬ್ಯಾಂಕಿನ ಏಜೆಂಟರು ದಿನವೂ ಮನೆಮನೆಗೆ ಹೋಗಿ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ಅಂದಂದು ದುಡಿದು ಉಣ್ಣುವವರೂ ಹೀಗೆ ಹಣ ಕೂಡಿಡಲು ಸಾಧ್ಯವಾಯಿತು. ಆ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಯಿತು. 2020ರಲ್ಲಿ ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.

ಪಿಗ್ಮಿ ಆರಂಭವಾಗಿ ಅರುವತ್ತಕ್ಕೂ ಹೆಚ್ಚು ವರ್ಷಗಳು ಕಳೆದವು. ಹರೀಶ್ ಹಂದೆ ಎಂಬ ಎಂಜಿನಿಯರರು ಅಮೆರಿಕದಲ್ಲಿ ಸೌರಶಕ್ತಿಯ ಬಗ್ಗೆ ಓದುತ್ತಿದ್ದರು. ಆಗ ಅವರು ಡೊಮಿನಿಕನ್ ಗಣರಾಜ್ಯಕ್ಕೆ ಹೋದರು. ಅಲ್ಲಿ ಬಡವರೂ ಹಣ ಕೊಟ್ಟು ಸೌರದೀಪ ಬಳಸುವುದನ್ನು ಕಂಡರು. ನಮ್ಮ ದೇಶದಲ್ಲಿಯೂ ಇದು ಆಗಬೇಕೆಂದು ಯೋಚಿಸಿದರು. 1995ರಲ್ಲಿ ನೆವಿಲ್ ವಿಲಿಯಮ್ಸ್ ಎಂಬವರೊಂದಿಗೆ ಸೇರಿ ಕರ್ನಾಟಕದಲ್ಲಿ ಸೆಲ್ಕೋ ಸಂಸ್ಥೆಯನ್ನು ಆರಂಭಿಸಿದರು.

ದೀಪ ಜೋಡಿಸುವುದು ಕಷ್ಟವಾಗಿರಲಿಲ್ಲ. ಬ್ಯಾಂಕುಗಳನ್ನು ಒಪ್ಪಿಸುವುದೇ ಕಷ್ಟವಾಗಿತ್ತು. ದೀಪ ಕೆಟ್ಟುಹೋದರೆ ಜನರು ಸಾಲ ಕಟ್ಟುವರೇ? ರಿಪೇರಿ ಮಾಡುವವರು ಯಾರು? ಬಡವರಲ್ಲಿ ಅಡವಿಡಲು ಏನಿದೆ? ಇವು ಬ್ಯಾಂಕಿನವರ ಸಂಶಯಗಳು. ಅದಕ್ಕಾಗಿ ಸಂಸ್ಥೆಯು ಹಳ್ಳಿಗಳಿಗೆ ಹತ್ತಿರದಲ್ಲಿ ದುರಸ್ತಿ ಕೇಂದ್ರಗಳನ್ನು ತೆರೆಯಿತು. ಕೊನೆಗೆ ಬ್ಯಾಂಕುಗಳು ಒಪ್ಪಿದವು. ಸೌರದೀಪಕ್ಕೆ ಮೊದಮೊದಲು ಸಾಲ ಕೊಟ್ಟ ಬ್ಯಾಂಕುಗಳಲ್ಲಿ ಪಿಗ್ಮಿಯ ಸಿಂಡಿಕೇಟ್ ಬ್ಯಾಂಕೂ ಒಂದು.

ಸಾಲ ಸಿಕ್ಕಿದರೆ ಸಾಲದು, ಕಂತು ಹೊಂದಬೇಕು. ಹೂ ಮಾರುವವರಿಗೆ ದಿನವೂ ಹಣ ಸಿಗುತ್ತದೆ. ಬೀಡಿ ಕಟ್ಟುವವರಿಗೆ ವಾರಕ್ಕೊಮ್ಮೆ ಮಜೂರಿ ಸಿಗುತ್ತದೆ ಎನ್ನೋಣ. ಕೃಷಿಕರ ಕೈಗೆ ಹಣ ಬರುವುದು ಬೆಳೆ ಮಾರಿದಾಗ. ಎಲ್ಲರೂ ತಿಂಗಳ ಮೊದಲ ದಿನವೇ 300 ರೂಪಾಯಿ ಕಟ್ಟಬೇಕೆಂದರೆ ಹಲವರಿಗೆ ಆಗದು. ಹೂ ಮಾರುವವರಿಗೆ ತಿಂಗಳಿಗೆ 300 ಭಾರ, ದಿನಕ್ಕೆ 10 ಹಗುರ. ಕೂಡಿಸಿದರೆ ಮೊತ್ತ ಒಂದೇ ಅಲ್ಲವೇ? ದುಡಿಮೆಗೆ ತಕ್ಕಂತೆ ಕಂತು ಇರಬೇಕೆಂಬುದನ್ನು ಸೆಲ್ಕೋ ಬ್ಯಾಂಕುಗಳಿಗೆ ಮನವರಿಕೆ ಮಾಡಿತು.

ದೀಪ ಕೊಳ್ಳಲಾಗದವರಿಗೂ ಒಂದು ದಾರಿ ತೋರಿತು. ಒಬ್ಬರು ಸಾಲ ಪಡೆದು ಸೌರಫಲಕ ಹಾಕಿಸಿ, ಹಗಲಿನಲ್ಲಿ ಹಲವು ಬ್ಯಾಟರಿಗಳನ್ನು ಚಾರ್ಜ್ ಮಾಡುವರು. ಸಂಜೆ ತಳ್ಳುಗಾಡಿಯ ವ್ಯಾಪಾರಿಗಳಿಗೆ ದೀಪಗಳನ್ನು ದಿನಬಾಡಿಗೆಗೆ ಕೊಡುವರು. ಇದರಿಂದ ವ್ಯಾಪಾರಿಗೆ ಬೆಳಕು, ದೀಪ ಕೊಟ್ಟವರಿಗೆ ಜೀವನೋಪಾಯ. ಈ ಸೇವೆಗಾಗಿ ಹರೀಶ್ ಹಂದೆಯವರಿಗೆ 2011ರಲ್ಲಿ ರೇಮನ್ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು.

ಬೇರೆ ದೇಶಗಳಲ್ಲಿಯೂ ಇಂತಹ ಪ್ರಯತ್ನಗಳು ನಡೆದಿವೆ. ಬಾಂಗ್ಲಾದೇಶದಲ್ಲಿ 2003ರಲ್ಲಿ ಆರಂಭವಾದ ಯೋಜನೆಯಿಂದ 40 ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಕಂತಿನ ಮೇಲೆ ಸೌರದೀಪ ಬಂದಿತು. ಕೆನ್ಯಾದಲ್ಲಿ 2012ರಿಂದ ಜನರು ಮೊಬೈಲ್ ಫೋನಿನ ಮೂಲಕ ದಿನದ ಕಂತು ಕಟ್ಟತೊಡಗಿದರು. ಆದರೂ 2022ರಲ್ಲಿ ಪ್ರಪಂಚದ ಸುಮಾರು 68 ಕೋಟಿ ಜನರ ಮನೆಗಳಲ್ಲಿ ವಿದ್ಯುತ್ ಇರಲಿಲ್ಲ.

ನಮ್ಮ ಜಿಲ್ಲೆಯ ಅಂಬಲತ್ತರದಲ್ಲಿ 50 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವಿದೆ. 2024ರಲ್ಲಿ ಕೇಂದ್ರ ಸರಕಾರವು ಮನೆಯ ಛಾವಣಿಯಲ್ಲಿ ಸೌರಫಲಕ ಹಾಕುವವರಿಗೆ 78,000 ರೂಪಾಯಿಯವರೆಗೆ ಸಹಾಯಧನ ನೀಡುವ ಯೋಜನೆಯನ್ನು ಆರಂಭಿಸಿತು. ಆದರೆ ಉಳಿದ ಹಣವನ್ನು ಮನೆಯವರೇ ಹೊಂದಿಸಬೇಕು. ಛಾವಣಿಯೂ ಬೇಕು. ಬಾಡಿಗೆ ಮನೆಯಲ್ಲಿರುವವರು, ದಿನಗೂಲಿಯವರು ಹೇಗೆ ಹೊಂದಿಸುವರು? ನಿಮ್ಮ ತಾಯಿ ಕುಟುಂಬಶ್ರೀ ಘಟಕದಲ್ಲಿ ವಾರವಾರ ಹಣ ಕೂಡಿಡುವುದನ್ನು ನೀವು ನೋಡಿರಬಹುದು. ಒಬ್ಬರಿಂದ ಆಗದ್ದು ಹಲವರು ಕೂಡಿದರೆ ಆಗುತ್ತದೆ. ಬಿಸಿಲು ಎಲ್ಲರ ಅಂಗಳಕ್ಕೂ ಬೀಳುವಂತೆ ಬೆಳಕೂ ಎಲ್ಲರ ಮನೆಗೂ ಬರಬೇಕು. ಅದಕ್ಕೆ ದಾರಿ ಹುಡುಕುವವರಲ್ಲಿ ನಾಳೆ ನೀವೂ ಇರಬೇಕು.

ಪದಗಳ ಅರ್ಥ
ಕಂತು – ಸಾಲವನ್ನು ಭಾಗ ಮಾಡಿ ಕಟ್ಟುವ ಮೊತ್ತ
ಠೇವಣಿ – ಬ್ಯಾಂಕಿನಲ್ಲಿ ಇಟ್ಟ ಹಣ
ವಿಲೀನ – ಒಂದರೊಳಗೆ ಇನ್ನೊಂದು ಸೇರಿಹೋಗುವುದು
ಸಹಾಯಧನ – ಮರಳಿ ಕೊಡಬೇಕಾಗಿಲ್ಲದ ಸರಕಾರದ ನೆರವು

ಚಟುವಟಿಕೆಗಳು
1. ಸೌರದೀಪಕ್ಕೆ ಸಾಲ ಕೊಡಲು ಬ್ಯಾಂಕುಗಳು ಹಿಂಜರಿದುದೇಕೆ?
2. ಪಿಗ್ಮಿ ಠೇವಣಿಗೂ ದಿನದ ಕಂತಿಗೂ ಇರುವ ಹೋಲಿಕೆ ಏನು? ಚರ್ಚಿಸಿರಿ.
3. ದಿನಕ್ಕೆ 15 ರೂಪಾಯಿಯಂತೆ ಕಟ್ಟಿದರೆ 5,400 ರೂಪಾಯಿಯ ಸಾಲ ಎಷ್ಟು ದಿನಗಳಲ್ಲಿ ತೀರುತ್ತದೆ?
4. ನಿಮ್ಮ ಊರಿನ ವಿವಿಧ ಕಸುಬಿನವರಿಗೆ ಯಾವಾಗ ಹಣ ಸಿಗುತ್ತದೆ ಎಂದು ಕೇಳಿ ಪಟ್ಟಿ ತಯಾರಿಸಿರಿ. ಯಾರಿಗೆ ಯಾವ ಕಂತು ಹೊಂದುತ್ತದೆ ಎಂದು ಬರೆಯಿರಿ.