ಹೆಡ್‌ಫೋನಿನಲ್ಲಿ ದನಿ ಎರಡೆರಡು ಸಲ ಕೇಳುವುದೇಕೆ?

ಪ್ರಶ್ನೆ: ಮನೆಯಲ್ಲೇ ಆಡಿಯೊ ಇಂಟರ್‌ಫೇಸ್ ಇಟ್ಟುಕೊಂಡು ಭಾವಗೀತೆ ರೆಕಾರ್ಡ್ ಮಾಡುತ್ತೇನೆ. ಹಾಡುವಾಗ ಹೆಡ್‌ಫೋನಿನಲ್ಲಿ ನನ್ನ ದನಿ ಎರಡು ಸಲ ಕೇಳುತ್ತದೆ. ಸಾಫ್ಟ್‌ವೇರಿನ ಮೀಟರ್ ಕೆಂಪಾಗದಿದ್ದರೂ ಏರುದನಿಯ ಸಾಲುಗಳು ಒಡೆದು ಬರುತ್ತವೆ. ಯಾವ ಸೆಟ್ಟಿಂಗ್ ತಪ್ಪಿದೆ?

ಉತ್ತರ: ಮೊದಲು ಕಿವಿಯ ವಿಷಯ. ಮೈಕಿನ ದನಿ ಇಂಟರ್‌ಫೇಸಿನಲ್ಲಿ ಅಂಕಿಗಳಾಗಿ, ಕಂಪ್ಯೂಟರ್ ಹೊಕ್ಕು, ಸಾಫ್ಟ್‌ವೇರನ್ನು ಹಾದು ಹೆಡ್‌ಫೋನಿಗೆ ಮರಳಬೇಕು. ಕಂಪ್ಯೂಟರ್ ಆ ಅಂಕಿಗಳನ್ನು ಕಂತುಕಂತಾಗಿ ತೆಗೆದುಕೊಳ್ಳುತ್ತದೆ. ಕಂತಿನ ಗಾತ್ರವೇ ಬಫರ್. 48 ಕಿಲೋಹರ್ಟ್ಸ್‌ನಲ್ಲಿ 512 ಸ್ಯಾಂಪಲ್‌ಗಳ ಬಫರ್ ಇಟ್ಟರೆ ಒಂದು ಕಂತಿಗೆ 10.7 ಮಿಲಿಸೆಕೆಂಡು. ಹೋಗಲು ಒಂದು, ಬರಲು ಒಂದು ಎಂದರೆ 21 ದಾಟಿತು. ಏಳು ಮೀಟರ್ ಆಚೆ ನಿಂತವರ ಹಾಡು ನಿಮ್ಮ ಕಿವಿ ಮುಟ್ಟಲು ಅಷ್ಟೇ ಹೊತ್ತು ಬೇಕು.

ಇದನ್ನು ತಪ್ಪಿಸಲೆಂದೇ ಡೈರೆಕ್ಟ್ ಮಾನಿಟರಿಂಗ್ ಇರುವುದು. ದನಿ ಕಂಪ್ಯೂಟರಿಗೆ ಹೋಗುವ ಮೊದಲೇ ಅದರ ಒಂದು ಕವಲು ಇಂಟರ್‌ಫೇಸಿನ ಒಳಗಿನಿಂದಲೇ ಹೆಡ್‌ಫೋನಿಗೆ ಹರಿಯುತ್ತದೆ. ನಿಮ್ಮಲ್ಲಿ ಇದರ ಜೊತೆಗೆ ಸಾಫ್ಟ್‌ವೇರಿನ ಟ್ರ್ಯಾಕ್ ಮಾನಿಟರಿಂಗ್ ಕೂಡ ಆನ್ ಆಗಿರಬೇಕು. ಅದನ್ನು ಆಫ್ ಮಾಡಿ. ಒಣದನಿಗೆ ಹಾಡಲು ಮನಸ್ಸು ಬಾರದಿದ್ದರೆ ಸಾಫ್ಟ್‌ವೇರಿನಿಂದ ಬರೀ ರಿವರ್ಬ್ ಮಾತ್ರ, ಮೂಲದನಿ ಬೆರೆಯದಂತೆ, ಬರಲಿ. ಗುಂಗು ತುಸು ತಡವಾಗಿ ಬಂದರೆ ಹಾಡುವವರಿಗೆ ತೊಡಕಿಲ್ಲ.

ಇನ್ನು ಒಡೆಯುವ ದನಿ. ಟ್ರ್ಯಾಕಿನ ಫೇಡರ್ ಇಳಿಸಿದ್ದೀರಿ, ಮೀಟರ್ ಫೇಡರ್ ದಾಟಿ ಬಂದ ದನಿಯನ್ನು ತೋರಿಸುತ್ತಿದೆ ಎಂದು ನನ್ನ ಊಹೆ. ಹಾನಿಯಾಗುವುದು ಅದಕ್ಕೂ ಮುಂಚೆ, ಇಂಟರ್‌ಫೇಸಿನಲ್ಲೇ. ಡಿಜಿಟಲ್ ಅಳತೆಯಲ್ಲಿ ಸೊನ್ನೆ ಡೆಸಿಬೆಲ್ ಎಂದರೆ ನೆತ್ತಿ. ಅದರಾಚೆಗೆ ಜಾಗವೇ ಇಲ್ಲ. ತುಂಬಿದ ಸೇರಿನ ಮೇಲೆ ಕೈಯಾಡಿಸಿ ಗೋಪುರವನ್ನು ಸವರಿದಂತೆ ಅಲೆಯ ತಲೆ ಕತ್ತರಿಸಿಹೋಗುತ್ತದೆ. ಆಮೇಲೆ ಫೇಡರ್ ಇಳಿಸಿದರೆ ಕತ್ತರಿಸಿದ ಅಲೆಯೇ ಸಣ್ಣದಾಗಿ ಕೇಳುತ್ತದೆ, ಅಷ್ಟೆ.

ಗೆಳತಿಯೊಬ್ಬಳ ಕೃತಿ ರೆಕಾರ್ಡ್ ಮಾಡುವಾಗ ನಾನು ಪಲ್ಲವಿಗೆ ಗೇನ್ ಹೊಂದಿಸಿ ಸುಮ್ಮನಾಗಿದ್ದೆ. ಅನುಪಲ್ಲವಿಯಲ್ಲಿ ಅವಳು ತಾರಷಡ್ಜದ ಮೇಲೆ ನಿಂತಳು. ಆಮೇಲೆ ಅಲೆಯನ್ನು ಹಿಗ್ಗಿಸಿ ನೋಡಿದರೆ ತುದಿಗಳೆಲ್ಲ ಚಪ್ಪಟೆ. ಆ ದಿನದ ಷಡ್ಜ ಮತ್ತೆ ಸಿಗಲಿಲ್ಲ.

ಆದ್ದರಿಂದ ಹಾಡಿನ ಅತಿ ಎತ್ತರದ ಸಾಲನ್ನು ಪೂರ್ತಿ ದನಿಯಲ್ಲಿ ಹಾಡುತ್ತಾ ಇಂಟರ್‌ಫೇಸಿನ ಗೇನ್ ತಿರುಪನ್ನು ಹೊಂದಿಸಿ. ಕಣ್ಣು ಇಂಟರ್‌ಫೇಸಿನ ಇನ್‌ಪುಟ್ ಮೀಟರ್ ಮೇಲಿರಲಿ. ಇಲ್ಲವೇ ಸಾಫ್ಟ್‌ವೇರಿನ ಮೀಟರನ್ನು ಪ್ರೀ-ಫೇಡರ್‌ಗೆ ಬದಲಿಸಿ. ಪೀಕ್ ಸೊನ್ನೆಗಿಂತ 10–12 ಡೆಸಿಬೆಲ್ ಕೆಳಗೇ ನಿಲ್ಲಲಿ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡುವಾಗ ಇಷ್ಟು ಬಿಟ್ಟುಕೊಟ್ಟರೆ ಏನೂ ನಷ್ಟವಿಲ್ಲ. ಮೃದಂಗವೂ ಇದ್ದರೆ ಪೀಕ್ ಮೀಟರನ್ನೇ ನಂಬಿ: ವಿಯು ಮೀಟರಿನ ಮುಳ್ಳು ಮೇಲೇರಲು 300 ಮಿಲಿಸೆಕೆಂಡು ಬೇಕು, ಅಷ್ಟರಲ್ಲಿ ಚಾಪು ಬಡಿದು ಮುಗಿದಿರುತ್ತದೆ.

ಇಷ್ಟಾದ ಮೇಲೂ ಹೆಡ್‌ಫೋನಿನಲ್ಲಿ ದನಿ ಸಣ್ಣದೆನಿಸಿದರೆ ಗೇನ್ ಮುಟ್ಟಬೇಡಿ. ಹೆಡ್‌ಫೋನಿಗೆ ಬೇರೆಯೇ ತಿರುಪಿದೆ, ಅದನ್ನು ಏರಿಸಿ.