ಪಂಪಿಗೆ ತಲುಪದ ಎರಡು ವೋಲ್ಟ್

ಭೌತಶಾಸ್ತ್ರದ ಲೆಕ್ಕಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ‘ಜೋಡಣೆಯ ತಂತಿಗಳ ರೋಧವನ್ನು ಉಪೇಕ್ಷಿಸಿ.’ ಹತ್ತನೇ ತರಗತಿಯಿಂದ ಇಂದಿನವರೆಗೆ ನಾನು ಅದನ್ನು ಸಂತೋಷದಿಂದಲೇ ಉಪೇಕ್ಷಿಸುತ್ತ ಬಂದಿದ್ದೆ. ಲೆಕ್ಕ ಸುಲಭವಾಗುತ್ತದೆ, ಅಂಕವೂ ಬರುತ್ತದೆ. ಈ ಸಲದ ಮಧ್ಯಂತರ ರಜೆಯಲ್ಲಿ ಮಾಮನ ಗ್ಯಾರೇಜಿನಲ್ಲಿ ಮೂರು ದಿನ ಕಳೆದ ಮೇಲೆ ಆ ವಾಕ್ಯವನ್ನು ಓದುವಾಗ ಸ್ವಲ್ಪ ನಿಂತು ಯೋಚಿಸುತ್ತೇನೆ. ದ್ವಿತೀಯ ಪಿಯುಸಿಯ ವಿದ್ಯುತ್ ಅಧ್ಯಾಯಗಳನ್ನು ಓದುತ್ತಿರುವ ನಮಗೆಲ್ಲ ಉಪಯೋಗವಾದೀತೆಂದು ಅಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ತೊಂದರೆ ಏನು?

ಮಾಮನ ಮಗ ಮಣ್ಣಿನ ಟ್ರ್ಯಾಕಿನಲ್ಲಿ ರೇಸ್ ಓಡಿಸುತ್ತಾನೆ. ಇಪ್ಪತ್ತು ವರ್ಷ ಹಳೆಯ ಪೆಟ್ರೋಲ್ ಕಾರೊಂದನ್ನು ಅದಕ್ಕೆಂದೇ ಮಾರ್ಪಡಿಸಿಕೊಂಡಿದ್ದಾನೆ. ಎಂಜಿನ್ನಿಗೆ ಟರ್ಬೊ ಬಂದಿದೆ, ದೊಡ್ಡ ಇಂಜೆಕ್ಟರ್‌ಗಳು ಬಂದಿವೆ, ಟ್ಯಾಂಕಿನೊಳಗೆ ಗಂಟೆಗೆ 255 ಲೀಟರ್ ಎಂದು ನಮೂದಿಸಿದ ಪಂಪ್ ಬಂದಿದೆ. ಬದಲಾಗದೆ ಉಳಿದದ್ದು ಪಂಪಿಗೆ ಕರೆಂಟ್ ಒಯ್ಯುವ ಹಳೆಯ ತಂತಿ ಮಾತ್ರ. (ಇಂಥ ಬದಲಾವಣೆ ರಸ್ತೆಯಲ್ಲಿ ಓಡುವ ಕಾರಿಗೆ ಸಲ್ಲದು. ನೋಂದಣಿಯಲ್ಲಿರುವ ವಿವರಗಳು ಬದಲಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ಈ ಕಾರು ಟ್ರ್ಯಾಕಿಗೆ ಹೋಗುವುದೂ ಇನ್ನೊಂದು ಗಾಡಿಯ ಮೇಲೇರಿ.)

ನಿಧಾನ ಓಡಿಸುವಾಗ ಕಾರು ಚೆನ್ನಾಗಿತ್ತು. ಪೂರ್ತಿ ಎಕ್ಸಲರೇಟರ್ ಒತ್ತಿದರೆ ಮಾತ್ರ ಎಂಜಿನ್ ಮುಗ್ಗರಿಸುತ್ತಿತ್ತು. ಪೆಟ್ರೋಲ್ ಪೂರ್ತಿ ಉರಿಯಲು ಒಂದು ಭಾಗ ಇಂಧನಕ್ಕೆ ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಸಾಕು. ಆದರೆ ಟರ್ಬೊ ಎಂಜಿನ್ ಪೂರ್ಣ ಭಾರದಲ್ಲಿ ದುಡಿಯುವಾಗ ತಂಪಾಗಿರಲು ಇನ್ನಷ್ಟು ಇಂಧನ ಬೇಕು. 12ರ ಆಸುಪಾಸಿನ ಪ್ರಮಾಣ ಒಳ್ಳೆಯದು. ಇವನ ಮೀಟರ್ ಆ ಹೊತ್ತಿಗೆ 14 ದಾಟುತ್ತಿತ್ತು. ಅಂದರೆ ಇಂಧನ ಸಾಲುತ್ತಿಲ್ಲ. ಹೀಗೆ ಓಡಿಸುತ್ತ ಹೋದರೆ ಒಳಗಿನ ಶಾಖ ಏರಿ, ಎಂಜಿನ್ ಬಡಿದುಕೊಂಡು, ಕೊನೆಗೆ ಪಿಸ್ಟನ್ ಹಾಳಾಗುತ್ತದೆ.

“ಪಂಪ್ ಸರಿಯಿಲ್ಲ, ಇನ್ನೂ ದೊಡ್ಡದು ಹಾಕಬೇಕು” ಎಂದು ಅವನ ವಾದ. ಮಾಮ ಏನೂ ಹೇಳದೆ ನನ್ನ ಕೈಗೆ ಮಲ್ಟಿಮೀಟರ್ ಕೊಟ್ಟರು. “ನೀನು ಸಯನ್ಸ್ ಅಲ್ಲವಾ, ಅಳೆದು ಹೇಳು” ಎಂದರು.

ನನ್ನ ಮೊದಲ ತಪ್ಪು

ಎಂಜಿನ್ ನಿಲ್ಲಿಸಿ, ಪಂಪಿನ ಪ್ಲಗ್ ಕಳಚಿ, ಅದರ ಎರಡು ತುದಿಗಳಿಗೆ ಮೀಟರ್ ಹಿಡಿದೆ. ಮಾಮನ ಮಗ ಕೀ ತಿರುಗಿಸಿದ. ಮೀಟರ್ 12.5 ವೋಲ್ಟ್ ತೋರಿಸಿತು. ಬ್ಯಾಟರಿಯಲ್ಲೂ 12.5. “ತಂತಿ ಸರಿಯಿದೆ” ಎಂದು ಘೋಷಿಸಿಯೂ ಬಿಟ್ಟೆ.

ಮಾಮ ನಕ್ಕರು. “ಪಂಪ್ ಕಳಚಿದ ಮೇಲೆ ಆ ತಂತಿಯಲ್ಲಿ ಹರಿಯುವುದೇನು?” ಎಂದು ಕೇಳಿದರು.

ಉತ್ತರ ನನ್ನ ಪುಸ್ತಕದಲ್ಲೇ ಇತ್ತು. ತಂತಿಯಲ್ಲಿ ಕಳೆದುಹೋಗುವ ವೋಲ್ಟೇಜ್ ಎಂದರೆ ಕರೆಂಟ್ ಗುಣಿಸು ರೋಧ. ಮೀಟರಿನ ರೋಧ ಬಹಳ ದೊಡ್ಡದು, ಅದರ ಮೂಲಕ ಹರಿಯುವ ಕರೆಂಟ್ ಹೆಚ್ಚುಕಡಿಮೆ ಸೊನ್ನೆ. ಸೊನ್ನೆಯನ್ನು ಯಾವ ರೋಧದಿಂದ ಗುಣಿಸಿದರೂ ಸೊನ್ನೆ. ಒಂದೇ ಎಳೆಯಲ್ಲಿ ನಿಂತಿರುವ ಕೊಳೆತ ತಂತಿಯೂ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಹಾಗಾಗಿ ಮೊದಲ ಪಾಠ: ವೋಲ್ಟೇಜನ್ನು ಕೆಲಸ ನಡೆಯುತ್ತಿರುವಾಗಲೇ, ಕೆಲಸ ನಡೆಯುವ ಜಾಗದಲ್ಲೇ ಅಳೆಯಬೇಕು.

ಸರಿಯಾದ ಅಳತೆ

ಪ್ಲಗ್ ಜೋಡಿಸಿ ಎಂಜಿನ್ ಚಾಲೂ ಮಾಡಿ, ಪ್ಲಗ್ಗಿನ ಹಿಂಭಾಗದಿಂದ ಮೀಟರಿನ ಕಡ್ಡಿ ತಾಗಿಸಿ ಅಳೆದೆವು. ಬ್ಯಾಟರಿಯಲ್ಲಿ 13.8 ವೋಲ್ಟ್. ಪಂಪಿನಲ್ಲಿ 11.7. ಕ್ಲ್ಯಾಂಪ್ ಮೀಟರ್ ತೋರಿಸಿದ ಕರೆಂಟ್ 9 ಆಂಪಿಯರ್. ದಾರಿಯಲ್ಲಿ 2.1 ವೋಲ್ಟ್ ಕಾಣೆ!

ಎಲ್ಲಿ ಕಾಣೆಯಾಯಿತು ಎಂದು ಹುಡುಕಲು ಮಾಮ ಒಂದು ಸರಳ ಉಪಾಯ ತೋರಿಸಿದರು. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪಾಸಿಟಿವ್‌ಗೆ, ಇನ್ನೊಂದು ಪಂಪಿನ ಪಾಸಿಟಿವ್‌ಗೆ. ಹೋಗುವ ದಾರಿಯ ನಷ್ಟ ನೇರವಾಗಿ ಸಿಗುತ್ತದೆ: 1.6 ವೋಲ್ಟ್. ಹಾಗೆಯೇ ಎರಡು ನೆಗೆಟಿವ್‌ಗಳ ನಡುವೆ, ಮರಳುವ ದಾರಿಯ ನಷ್ಟ: 0.5 ವೋಲ್ಟ್. ಕೂಡಿಸಿದರೆ 2.1. ಕಿರ್ಚಾಫ್ ನಿಯಮ ಗ್ರೀಸ್ ಮೆತ್ತಿದ ಕಾರಿನಲ್ಲೂ ತಪ್ಪಲಿಲ್ಲ.

ಈಗ ಲೆಕ್ಕ. ಹಳೆಯ ತಂತಿಯ ಅಡ್ಡಕೊಯ್ತದ ವಿಸ್ತೀರ್ಣ 0.75 ಚದರ ಮಿಲಿಮೀಟರ್, ಮುಂದಿನಿಂದ ಹಿಂದಕ್ಕೆ ಉದ್ದ ಸುಮಾರು 5 ಮೀಟರ್. ತಾಮ್ರದ ರೋಧಶೀಲತೆ 1.7 × 10⁻⁸ ಓಮ್ ಮೀಟರ್. ರೋಧಶೀಲತೆಯನ್ನು ಉದ್ದದಿಂದ ಗುಣಿಸಿ ವಿಸ್ತೀರ್ಣದಿಂದ ಭಾಗಿಸಿದರೆ ತಂತಿಯ ರೋಧ 0.113 ಓಮ್. ಇದನ್ನು 9 ಆಂಪಿಯರ್‌ನಿಂದ ಗುಣಿಸಿದರೆ ಸುಮಾರು 1 ವೋಲ್ಟ್. ಉಳಿದ 0.6 ವೋಲ್ಟ್ ಹಳೆಯ ರಿಲೇ, ಫ್ಯೂಸ್ ಹಿಡಿಕೆ, ಸವೆದ ಕನೆಕ್ಟರ್‌ಗಳ ಪಾಲು. ಒಂದು ಕನೆಕ್ಟರಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಕಾಣೆಯಾದ ವೋಲ್ಟೇಜ್ ಅಲ್ಲಿ ಶಾಖವಾಗಿತ್ತು.

ಮರಳುವ ದಾರಿಯ 0.5 ವೋಲ್ಟ್ ಒಂದೇ ಬೋಲ್ಟಿನ ತಪ್ಪು. ಪಂಪಿನ ಅರ್ತ್ ತಂತಿಯನ್ನು ಕಾರಿನ ಬಾಡಿಗೆ ಬಿಗಿದಿದ್ದ ಜಾಗದಲ್ಲಿ ಪೇಂಟ್ ಮತ್ತು ತುಕ್ಕು. ಮೀಟರ್ ಬ್ರಿಡ್ಜ್ ಪ್ರಯೋಗದ ಮೊದಲು ತಂತಿಯ ತುದಿಗಳನ್ನು ಮರಳುಕಾಗದದಿಂದ ಉಜ್ಜಿಸುವ ನಮ್ಮ ಲ್ಯಾಬಿನ ಪದ್ಧತಿ ನನಗೆ ಆಗ ನೆನಪಾಯಿತು. ಅದು ಶಿಸ್ತಿಗಾಗಿ ಮಾತ್ರ ಎಂದುಕೊಂಡಿದ್ದೆ.

ಎರಡು ವೋಲ್ಟಿಗೆ ಇಷ್ಟು ಬೆಲೆಯೇ?

ಪಂಪ್ ಒಂದು ಡಿಸಿ ಮೋಟಾರು. ವೋಲ್ಟೇಜ್ ಇಳಿದರೆ ಅದರ ವೇಗ ಇಳಿಯುತ್ತದೆ. ಸಿಕ್ಕಿದ ವೋಲ್ಟೇಜಿನಲ್ಲಿ ಒಂದು ಪಾಲು ಒತ್ತಡದ ವಿರುದ್ಧ ತಳ್ಳುವುದಕ್ಕೇ ಹೋಗುವುದರಿಂದ, ಇಂಧನದ ಹರಿವು ವೋಲ್ಟೇಜಿಗಿಂತ ಬೇಗ ಕುಸಿಯುತ್ತದೆ. ಇಂಥ ಪಂಪುಗಳ ವಿವರಪಟ್ಟಿಯಲ್ಲಿ 12 ವೋಲ್ಟಿಗೆ ಒಂದು ಗೆರೆ, 13.5 ವೋಲ್ಟಿಗೆ ಇನ್ನೊಂದು ಗೆರೆ ಬೇರೆಬೇರೆಯಾಗಿ ಬರೆದಿರುವುದು ಇದೇ ಕಾರಣಕ್ಕೆ.

ಇನ್ನೊಂದು ಸೂಕ್ಷ್ಮವಿದೆ. ಟರ್ಬೊ ಗಾಳಿ ತುಂಬುವಾಗ ಇಂಧನದ ಒತ್ತಡವನ್ನೂ ಅಷ್ಟೇ ಏರಿಸಬೇಕಾಗುತ್ತದೆ. ಪಂಪ್ ಹೆಚ್ಚು ದುಡಿಯುತ್ತದೆ, ಹೆಚ್ಚು ಕರೆಂಟ್ ಎಳೆಯುತ್ತದೆ, ಆದ್ದರಿಂದ ತಂತಿಯಲ್ಲಿ ಹೆಚ್ಚು ವೋಲ್ಟೇಜ್ ಕಳೆದುಹೋಗುತ್ತದೆ. ಇಂಧನ ಅತಿ ಹೆಚ್ಚು ಬೇಕಾದ ಕ್ಷಣದಲ್ಲೇ ಪಂಪಿಗೆ ಅತಿ ಕಡಿಮೆ ಸಿಗುತ್ತದೆ. ನಿಧಾನ ಓಡಿಸುವಾಗ ಕಾರು ಚೆನ್ನಾಗಿದ್ದುದು ಏಕೆಂದು ಈಗ ಅರ್ಥವಾಯಿತು. ಇನ್ನೂ ದೊಡ್ಡ ಪಂಪ್ ಹಾಕಿದ್ದರೆ ಅದು ಇನ್ನೂ ಹೆಚ್ಚು ಕರೆಂಟ್ ಎಳೆದು ತೊಂದರೆಯನ್ನೇ ಬೆಳೆಸುತ್ತಿತ್ತು.

ರಿಲೇ ಮಾಡುವ ಕೆಲಸ

ಹಿಂದೆ ದಣಿದ ಕುದುರೆಯ ಬದಲು ದಾರಿಯಲ್ಲಿ ಕಾದು ನಿಲ್ಲಿಸಿದ ಹೊಸ ಕುದುರೆಗಳಿಗೆ ರಿಲೇ ಎನ್ನುತ್ತಿದ್ದರು. 14ನೇ ಶತಮಾನದಲ್ಲಿ ನಮ್ಮ ಹೊನ್ನಾವರ, ಮಂಗಳೂರುಗಳನ್ನೂ ನೋಡಿ ಹೋದ ಇಬ್ನ್ ಬತೂತಾ ದೆಹಲಿ ಸುಲ್ತಾನರ ಅಂಚೆಯನ್ನು ವರ್ಣಿಸಿದ್ದಾರೆ. ತಾಮ್ರದ ಗೆಜ್ಜೆಗಳಿದ್ದ ಕೋಲು ಹಿಡಿದ ಓಟಗಾರ ಸ್ವಲ್ಪ ದೂರ ಓಡುತ್ತಾನೆ. ಗೆಜ್ಜೆಯ ಸದ್ದು ಕೇಳಿ ಸಿದ್ಧನಾಗಿ ನಿಂತ ಮುಂದಿನವನು ಪತ್ರ ಪಡೆದು ಹೊಸ ಕಸುವಿನಿಂದ ಓಡುತ್ತಾನೆ. ವಿದ್ಯುತ್ತಿನ ರಿಲೇಯೂ ಇದನ್ನೇ ಮಾಡುತ್ತದೆ. ಅಮೆರಿಕದ ಜೋಸೆಫ್ ಹೆನ್ರಿ 1835ರ ಹೊತ್ತಿಗೆ ಅದನ್ನು ಮಾಡಿ ತೋರಿಸಿದರು. ದೂರದಿಂದ ಬಂದ ದುರ್ಬಲ ಕರೆಂಟ್ ಒಂದು ವಿದ್ಯುತ್ಕಾಂತವನ್ನು ಎಚ್ಚರಿಸುತ್ತದೆ. ಅದು ಸ್ವಿಚ್ಚನ್ನು ಎಳೆದು ಬೇರೊಂದು ಬಲವಾದ ಕರೆಂಟಿಗೆ ದಾರಿ ಬಿಡುತ್ತದೆ.

ಕಾರಿನ ರಿಲೇಯಲ್ಲಿ ನಾಲ್ಕು ತುದಿಗಳು. 85 ಮತ್ತು 86 ಸುರುಳಿಯವು. 30 ಮತ್ತು 87 ಸ್ವಿಚ್ಚಿನವು. ನಾವು ಹೊಸ ರಿಲೇಯನ್ನು ಡಿಕ್ಕಿಯಲ್ಲಿ ಕೂರಿಸಿದೆವು. ಪಂಪಿಗೆ ಬರುತ್ತಿದ್ದ ಹಳೆಯ ತಂತಿಯನ್ನು 86ಕ್ಕೆ ಕೊಟ್ಟೆವು. 85 ಅರ್ತ್‌ಗೆ. ಬ್ಯಾಟರಿಯಿಂದ ಹೊಸದಾಗಿ ತಂದ 4 ಚದರ ಮಿಲಿಮೀಟರಿನ ದಪ್ಪ ತಂತಿ 30ಕ್ಕೆ. 87ರಿಂದ ಪಂಪಿಗೆ.

ಹಳೆಯ ತಂತಿ ಬದಲಾಗಲಿಲ್ಲ, ಅದರ ರೋಧವೂ ಬದಲಾಗಲಿಲ್ಲ. ಆದರೆ ಸುರುಳಿಯ ರೋಧ ಸುಮಾರು 85 ಓಮ್ ಇರುವುದರಿಂದ ಅದರಲ್ಲಿ ಈಗ ಹರಿಯುವ ಕರೆಂಟ್ 0.16 ಆಂಪಿಯರ್ ಮಾತ್ರ. 9 ಆಂಪಿಯರಿಗೆ 1.6 ವೋಲ್ಟ್ ಕಳೆದುಕೊಳ್ಳುತ್ತಿದ್ದ ದಾರಿ ಈಗ ಕಳೆದುಕೊಳ್ಳುವುದು ಸುಮಾರು 0.03 ವೋಲ್ಟ್. ಹೊರೆ ಹೊರಲಾಗದವನಿಗೆ ಸುದ್ದಿ ಮುಟ್ಟಿಸುವ ಕೆಲಸ ಕೊಟ್ಟಂತೆ.

ಸುರುಳಿಯ ಎರಡು ತುದಿಗಳ ನಡುವೆ ಒಂದು ಡಯೋಡನ್ನೂ ಹಾಕಿದೆವು, ಅದರ ಗೆರೆಯಿರುವ ತುದಿ ಪಾಸಿಟಿವ್ ಕಡೆಗೆ. ಸುರುಳಿಯ ಕರೆಂಟ್ ಥಟ್ಟನೆ ನಿಂತಾಗ ಸ್ವಪ್ರೇರಣೆಯಿಂದ ಏಳುವ ದೊಡ್ಡ ವೋಲ್ಟೇಜಿಗೆ ಅದು ಸುರಕ್ಷಿತ ದಾರಿ.

ನನ್ನ ಎರಡನೇ ತಪ್ಪು

ದಪ್ಪ ತಂತಿಗೆ 20 ಆಂಪಿಯರ್ ಫ್ಯೂಸ್ ಹಾಕುವ ಕೆಲಸ ನನ್ನದು. ಪಂಪಿಗೆ ರಕ್ಷಣೆ ಬೇಕಲ್ಲ ಎಂದು ಅದನ್ನು ಡಿಕ್ಕಿಯಲ್ಲಿ, ರಿಲೇಯ ಪಕ್ಕ ಹಾಕಿದೆ. ಮಾಮ ಬಂದು ನೋಡಿದವರೇ ಅದನ್ನು ಕತ್ತರಿಸಿ ತೆಗೆದರು. ಈ ಸಲ ನಗಲಿಲ್ಲ.

“ಫ್ಯೂಸ್ ಕಾಯುವುದು ಪಂಪನ್ನಲ್ಲ, ತಂತಿಯನ್ನು” ಎಂದರು. ಬ್ಯಾಟರಿಯಿಂದ ಡಿಕ್ಕಿಯವರೆಗಿನ 5 ಮೀಟರ್ ನಾನು ಕಾವಲಿಲ್ಲದೆ ಬಿಟ್ಟಿದ್ದೆ. ಹಿಂದಿನ ಸೀಟಿನ ಕಬ್ಬಿಣದ ಅಂಚಿಗೆ ಉಜ್ಜಿ ಅದರ ಹೊದಿಕೆ ಹರಿದರೆ? ತಂತಿಯ ರೋಧ 0.02 ಓಮ್, ಬ್ಯಾಟರಿಯ ಆಂತರಿಕ ರೋಧವೂ ಅಷ್ಟೇ ಎಂದಿಟ್ಟುಕೊಳ್ಳಿ. 12.6 ವೋಲ್ಟನ್ನು 0.04ರಿಂದ ಭಾಗಿಸಿದರೆ 300 ಆಂಪಿಯರಿಗೂ ಹೆಚ್ಚು. ಆ ತಂತಿಯಲ್ಲಿ ಹುಟ್ಟುವ ಶಾಖ ಸುಮಾರು 2000 ವಾಟ್; ಎರಡು ಇಸ್ತ್ರಿ ಪೆಟ್ಟಿಗೆಗಳಷ್ಟು, ಕಾರಿನ ನೆಲಹಾಸಿನ ಅಡಿಯಲ್ಲಿ, ಪೆಟ್ರೋಲ್ ಪೈಪಿನ ಸಮೀಪದಲ್ಲಿ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇದ್ದರೆ ಅದು ಕ್ಷಣದಲ್ಲಿ ಕರಗಿ ಎಲ್ಲ ನಿಲ್ಲುತ್ತದೆ.

ಸ್ವಿಚ್ ಹಾಕಿದರೆ ಸಾಲದೆ?

“ಇಷ್ಟೆಲ್ಲ ಏಕೆ, ಬ್ಯಾಟರಿಯಿಂದ ನೇರ ತಂದು ಒಂದು ಸ್ವಿಚ್ ಹಾಕಿ ಆನ್ ಮಾಡಿ ಬಿಡೋಣ” ಎಂದು ಮಾಮನ ಮಗ ಹೇಳಿದ. ಕೆಲವರು ಹಾಗೆ ಮಾಡುವುದೂ ಉಂಟು.

ಕಾರಿನ ಕಂಪ್ಯೂಟರ್, ಅಂದರೆ ಇಸಿಯು, ಕೀ ತಿರುಗಿಸಿದಾಗ ಪಂಪನ್ನು ಒಂದೆರಡು ಸೆಕೆಂಡು ಓಡಿಸಿ ನಿಲ್ಲಿಸುತ್ತದೆ. ಎಂಜಿನ್ ತಿರುಗುತ್ತಿದೆ ಎಂಬ ಸಂಕೇತ ಬಂದರೆ ಮಾತ್ರ ಮತ್ತೆ ಓಡಿಸುತ್ತದೆ. ಕಾರು ಮಗುಚಿ ಎಂಜಿನ್ ನಿಂತರೆ ಪಂಪೂ ನಿಲ್ಲುತ್ತದೆ. ಸ್ವಿಚ್ಚಿಗೆ ಈ ತಿಳಿವಳಿಕೆ ಇಲ್ಲ. ಗಂಟೆಗೆ 255 ಲೀಟರ್ ಎಂದರೆ ನಿಮಿಷಕ್ಕೆ 4 ಲೀಟರಿಗೂ ಹೆಚ್ಚು. “ಬೆಲ್ಟ್ ಬಿಚ್ಚಿ, ಹೆಲ್ಮೆಟ್ ಹಾಕಿಕೊಂಡೇ ಕಿಟಕಿಯಿಂದ ಹೊರಬರಲು ನಿನಗೆಷ್ಟು ಹೊತ್ತು ಬೇಕು? ಅಷ್ಟರಲ್ಲಿ ಒಡೆದ ಪೈಪಿನಿಂದ ಎಷ್ಟು ಪೆಟ್ರೋಲ್ ಸುರಿಯುತ್ತದೆ, ಲೆಕ್ಕ ಹಾಕು” ಎಂದರು ಮಾಮ. ಅವನು ಮತ್ತೆ ಸ್ವಿಚ್ಚಿನ ಮಾತು ಎತ್ತಲಿಲ್ಲ.

ಹಾಗಾಗಿಯೇ ನಾವು ಹಳೆಯ ತಂತಿಯನ್ನು ಕಿತ್ತೆಸೆಯಲಿಲ್ಲ. ಕರೆಂಟಿನ ಹೊರೆ ಹೊಸ ತಂತಿಗೆ, ಆಜ್ಞೆ ಮಾತ್ರ ಹಳೆಯ ತಂತಿಯಲ್ಲಿ, ಇಸಿಯುವಿನಿಂದಲೇ. ರೇಸ್ ಕಾರಿನಲ್ಲಿ ಬ್ಯಾಟರಿಯನ್ನೇ ಕಡಿಯುವ ತುರ್ತು ಸ್ವಿಚ್ ಇರುವುದರಿಂದ ದಪ್ಪ ತಂತಿಯನ್ನು ಆ ಸ್ವಿಚ್ ದಾಟಿದ ಮೇಲೆಯೇ ತೆಗೆದು, ಅಲ್ಲೇ ಫ್ಯೂಸ್ ಹಾಕಿದೆವು.

ಕೆಲಸಕ್ಕೆ ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿದ್ದೆವು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಗ್ಗಿನಲ್ಲಿ ಕೂರುತ್ತದೆ. ಬಾಗಿಲು, ಡಿಕ್ಕಿ ಎಲ್ಲ ತೆರೆದಿಟ್ಟಿದ್ದೆವು. ರಿಲೇಯೊಳಗೆ ಕಿಡಿ ಹಾರುತ್ತದೆ, ಆದ್ದರಿಂದ ಅದನ್ನು ಟ್ಯಾಂಕಿನ ಮುಚ್ಚಳದಿಂದ ದೂರ ಇಟ್ಟೆವು. ಟ್ಯಾಂಕಿನೊಳಗಿನ ತಂತಿಯನ್ನು ಮಾಮ ನನಗೆ ಮುಟ್ಟಲು ಬಿಡಲಿಲ್ಲ. ಇದನ್ನು ಓದಿ ಯಾರೂ ಮನೆಯ ಕಾರಿಗೆ ಕೈಹಾಕಬೇಡಿ. ಅನುಭವಿಗಳ ಎದುರಿನಲ್ಲಿ ಕಲಿಯಬೇಕಾದ ಕೆಲಸವಿದು.

ಫಲಿತಾಂಶ

ಅರ್ತ್ ಬೋಲ್ಟಿನ ಜಾಗ ಉಜ್ಜಿ ಹೊಳೆಯಿಸಿ, ದಪ್ಪ ತಂತಿ ಬಿಗಿದು ಮತ್ತೆ ಅಳೆದೆವು. ಬ್ಯಾಟರಿಯಲ್ಲಿ 13.8, ಪಂಪಿನಲ್ಲಿ 13.4. ಮುಂದಿನ ಭಾನುವಾರ ಟ್ರ್ಯಾಕಿನಲ್ಲಿ ಪೂರ್ತಿ ಒತ್ತಿದಾಗಲೂ ಗಾಳಿ-ಇಂಧನ ಮೀಟರ್ 12ರ ಹತ್ತಿರವೇ ನಿಂತಿತು. ಪಂಪ್ ಹಳೆಯದೇ.

‘ಉಪೇಕ್ಷಿಸಿ’ ಎಂದು ಪುಸ್ತಕ ಹೇಳುವುದು ತಪ್ಪಲ್ಲ. 0.1 ಓಮ್ ರೋಧವನ್ನು 100 ಓಮ್ ಎದುರು ಬಿಡಬಹುದು. ಈ ಪಂಪ್ 13 ವೋಲ್ಟಿನಲ್ಲಿ 9 ಆಂಪಿಯರ್ ಎಳೆಯುತ್ತದೆ. ಅಂದರೆ ಒಂದೂವರೆ ಓಮ್ ಇದ್ದಂತೆ. ಅದರ ಎದುರು 0.1 ಓಮ್ ಸಣ್ಣದಲ್ಲ. ಯಾವುದನ್ನಾದರೂ ಬಿಡುವ ಮೊದಲು ಯಾವುದರ ಎದುರು ಬಿಡುತ್ತಿದ್ದೇವೆ ಎಂದು ಕೇಳಿಕೊಳ್ಳಬೇಕು.

ನೀವೂ ಮಾಡಿ ನೋಡಿ

1. 12 ವೋಲ್ಟ್, 60 ವಾಟಿನ ಹೆಡ್‌ಲೈಟಿಗೆ 0.5 ಚದರ ಮಿಲಿಮೀಟರಿನ 3 ಮೀಟರ್ ತಾಮ್ರದ ತಂತಿ ಹೋಗಿದೆ. ತಂತಿಯಲ್ಲಿ ಎಷ್ಟು ವೋಲ್ಟ್ ನಷ್ಟ? (ಉತ್ತರ: ಸುಮಾರು 0.5)

2. ಮನೆಯಿಂದ 60 ಮೀಟರ್ ದೂರದ ಬಾವಿಯ ಪಂಪ್ 6 ಆಂಪಿಯರ್ ಎಳೆಯುತ್ತದೆ. ತಂತಿ 1.5 ಚದರ ಮಿಲಿಮೀಟರ್. ಹೋಗುವ ಮತ್ತು ಬರುವ ಎರಡೂ ತಂತಿ ಸೇರಿಸಿ ನಷ್ಟವೆಷ್ಟು? (ಉತ್ತರ: ಸುಮಾರು 8 ವೋಲ್ಟ್.) ಪಂಪ್ ಚಾಲೂ ಆಗುವ ಕ್ಷಣದಲ್ಲಿ ಕರೆಂಟ್ ಹಲವು ಪಟ್ಟು ಇರುತ್ತದೆ. ಆಗ ಬಾವಿಕಟ್ಟೆಯ ಬಲ್ಬ್ ಏಕೆ ಮಂಕಾಗುತ್ತದೆಂದು ನಿಮ್ಮ ಮನೆಯವರಿಗೆ ವಿವರಿಸಿ.